ಟಿಪ್ಪುವಿನ ನಾಣ್ಯವನ್ನು ಓದುವ ಬಗೆ

ಹಳೆಯ ನಾಣ್ಯ ಸಂಗ್ರಹಿಸುವ ಹವ್ಯಾಸ ಹಿಡಿದ ಕನ್ನಡಿಗನಿಗೆ ಆನೆಯ ಚಿತ್ರವಿರುವ ತಾಮ್ರದ ನಾಣ್ಯವೊಂದು ಸಿಕ್ಕಿತೆಂದರೆ, ಅದನ್ನು ‘ಟಿಪ್ಪುವಿನ ಪೈಸೆ’ ಎಂದು ಹೆಸರಿಸಿ ಡಬ್ಬಿಗೆ ಹಾಕಿಬಿಡುತ್ತಾನೆ. ಆದರೆ ಆನೆಯೊಂದೇ ಸಾಕ್ಷಿಯಾಗದು. ಹೈದರಲಿಯೂ ತನ್ನ ಕೊನೆಯ ವರ್ಷಗಳಲ್ಲಿ ಆನೆಯ ಪೈಸೆ ಹೊರಡಿಸಿದ್ದ. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲೂ ಆನೆ ಮುಂದುವರಿಯಿತು. ಅದರ ಮೇಲೆ ಸೂರ್ಯ-ಚಂದ್ರ ಮತ್ತು ಕನ್ನಡದ ‘ಶ್ರೀ’ ಕಾಣಿಸಿಕೊಂಡವು. ಟಿಪ್ಪುವಂತೂ ನಾಣ್ಯಗಳ ಮೇಲೆ ತನ್ನ ಹೆಸರನ್ನೇ ಹಾಕಿಸಲಿಲ್ಲ. ಆದುದರಿಂದ ಅಕ್ಷರ ಮತ್ತು ಅಂಕಿಗಳನ್ನು ಓದದೆ ಬೇರೆ ದಾರಿಯಿಲ್ಲ.

ಹಿಂಬದಿಯ ಪಾರ್ಸಿ ಬರಹದಲ್ಲಿ ‘ಝರ್ಬ್’ ಎಂದರೆ ಮುದ್ರಿಸಿದ್ದು. ಅದರ ಜೊತೆಗಿರುವುದು ಟಂಕಸಾಲೆಯ ಊರು. ‘ಪಟ್ಟನ್’ ಎಂದರೆ ಶ್ರೀರಂಗಪಟ್ಟಣ. ‘ನಗರ್’ ಎಂದರೆ ಬಿದನೂರು, ಅಂದರೆ ಹೊಸನಗರ ತಾಲೂಕಿನ ಇಂದಿನ ನಗರ. ‘ಫರ್ರುಖ್‌ಯಾಬ್ ಹಿಸಾರ್’ ಚಿತ್ರದುರ್ಗ, ‘ಖುರ್ಶೀದ್ ಸವಾದ್’ ಧಾರವಾಡ. ಊರುಗಳ ಹೆಸರು ಬದಲಿಸುವ ಹುಚ್ಚು ಆಗಲೂ ಇತ್ತು!

ಹೊಸಬರು ಎಡವುವುದು ಇಸವಿಯಲ್ಲಿ. ಮೊದಲ ವರ್ಷಗಳ ನಾಣ್ಯಗಳಲ್ಲಿ ಹಿಜರಿ ವರ್ಷವಿದೆ, ಅಂಕಿಗಳು ಎಂದಿನಂತೆ ಎಡದಿಂದ ಬಲಕ್ಕೆ ಇವೆ. 1787ರಲ್ಲಿ, ಅಂದರೆ ಹಿಜರಿ 1201ರಲ್ಲಿ, ನಾಣ್ಯದ ಮೇಲಿನ ವರ್ಷ ಒಮ್ಮೆಲೇ 1215ಕ್ಕೆ ನೆಗೆಯುತ್ತದೆ. ಟಿಪ್ಪು ಹಿಜ್ರತ್‌ನ ಬದಲು ಪ್ರವಾದಿ ಮುಹಮ್ಮದ್(ಸ)ರ ಜನನದಿಂದ ಎಣಿಸುವ ಮೌಲೂದಿ ಶಕೆಯನ್ನು ಜಾರಿಗೆ ತಂದಿದ್ದ. ಅಲ್ಲಿಂದ ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಯಿಸಿದ. ಹಾಗಾಗಿ 1216 ನಮ್ಮ ಕಣ್ಣಿಗೆ 6121 ಎಂದು ಕಾಣುತ್ತದೆ. 1226ನ್ನು ಹಿಜರಿಯೆಂದು ತಿಳಿದು ಲೆಕ್ಕ ಹಾಕಿದರೆ ಕ್ರಿ.ಶ. 1811 ಬರುತ್ತದೆ. ಟಿಪ್ಪು ಹುತಾತ್ಮನಾದದ್ದು 1799ರ ಮೇ 4ರಂದು. ಅಸಲಿ ನಾಣ್ಯವನ್ನು ನಕಲಿಯೆಂದು ಎಸೆಯಲು ಇಷ್ಟು ತಪ್ಪು ಸಾಕು.

ಈ ಮೌಲೂದಿ ವರ್ಷದ ಒಳಗುಟ್ಟು ಇನ್ನೂ ಸ್ವಾರಸ್ಯಕರವಾಗಿದೆ. ಅದು ಹಿಜರಿಯಂತೆ ಶುದ್ಧ ಚಾಂದ್ರಮಾನವಲ್ಲ. ಅಧಿಕಮಾಸವೂ ಅರವತ್ತು ಸಂವತ್ಸರಗಳ ಚಕ್ರವೂ ಇರುವ ನಮ್ಮ ಪಂಚಾಂಗದ ಲೆಕ್ಕವೇ ಅದು. ಮೌಲೂದಿ 1215 ಎಂದರೆ ಪ್ಲವಂಗ ಸಂವತ್ಸರ. ಮೊದಲ ತಿಂಗಳಿಗೆ ‘ಅಹ್ಮದಿ’ ಎಂಬ ಹೆಸರು. ನಮ್ಮ ರೈತನಿಗೆ ಅದು ಚೈತ್ರ.

ನಾಣ್ಯಗಳ ಹೆಸರುಗಳನ್ನು ನೋಡಿ. ಚಿನ್ನದ ನಾಣ್ಯಗಳು ಅಹ್ಮದಿ, ಸಿದ್ದೀಕಿ, ಫಾರೂಕಿ. ಮೊದಲನೆಯದು ಪ್ರವಾದಿಯವರ ಹೆಸರು, ಉಳಿದವು ಮೊದಲಿಬ್ಬರು ಖಲೀಫರ ಬಿರುದುಗಳು. ಬೆಳ್ಳಿಯವು ಹೈದರಿ, ಇಮಾಮಿ, ಆಬಿದಿ, ಬಾಕಿರಿ, ಜಾಫರಿ, ಕಾಝಿಮಿ. ಇಲ್ಲಿ ಶಿಯಾಗಳು ಹೆಚ್ಚಾಗಿ ನೆನೆಯುವ ಇಮಾಮರ ಸಾಲೇ ಇದೆ! ತಾಮ್ರಕ್ಕೆ ಬಂದರೆ ಆಕಾಶ: ಮುಶ್ತರಿ (ಗುರು), ಝೊಹ್ರಾ (ಶುಕ್ರ), ಬಹ್ರಾಮ್ (ಮಂಗಳ), ಅಖ್ತರ್ (ನಕ್ಷತ್ರ), ಕುತ್ಬ್ (ಧ್ರುವ). ಹೈದರಲಿಯ ಹೊನ್ನಿನ ಒಂದು ಬದಿಯಲ್ಲಿ ಶಿವ-ಪಾರ್ವತಿಯರಿದ್ದರೆ ಇನ್ನೊಂದು ಬದಿಯಲ್ಲಿ ಅವನ ಹೆಸರಿನ ಮೊದಲ ಅಕ್ಷರ ‘ಹೇ’ ಇತ್ತು. ಟಿಪ್ಪು ದೇವತಾಚಿತ್ರವನ್ನು ಬಿಟ್ಟ, ತಂದೆಯ ಅಕ್ಷರವನ್ನು ಉಳಿಸಿಕೊಂಡ. ಇವನನ್ನು ಬರೀ ಮತಾಂಧನೆಂದೋ ಬರೀ ಸೌಹಾರ್ದದ ಮೂರ್ತಿಯೆಂದೋ ಒಂದೇ ಮಾತಿನಲ್ಲಿ ಮುಗಿಸುವವರು ಈ ನಾಣ್ಯಗಳನ್ನು ಕೈಯಲ್ಲಿ ಹಿಡಿದು ಓದಿಲ್ಲವೆಂದೇ ನನ್ನ ಅನಿಸಿಕೆ. 1921ರಲ್ಲಿ ಮದ್ರಾಸಿನಲ್ಲಿ ಪ್ರಕಟವಾದ ಹೆಂಡರ್ಸನ್‌ರ ಪುಸ್ತಕ ಈಗಲೂ ಇವುಗಳ ಅಧ್ಯಯನಕ್ಕೆ ಆಧಾರವಾಗಿದೆ.

ನಕಲಿಯನ್ನು ಗುರುತಿಸಲು ಅಂಚನ್ನು ನೋಡಬೇಕು. ಅಸಲಿ ನಾಣ್ಯವನ್ನು ಅಚ್ಚಿಟ್ಟು ಬಡಿದು ಮಾಡಲಾಗಿದೆ. ಎರಕ ಹೊಯ್ದದ್ದರಲ್ಲಿ ಸೂಜಿಮೊನೆಯಂಥ ತೂತುಗಳೂ ಅಂಚಿನ ಸುತ್ತ ಜೋಡಣೆಯ ಗೆರೆಯೂ ಕಾಣಿಸಬಹುದು. ಹುಣಸೆಹುಳಿ ಹಚ್ಚಿ ತಿಕ್ಕಿ ಹೊಳಪು ತರಿಸುವವರು ಮಾತ್ರ ನಕಲಿ ಮಾಡುವವರಿಗಿಂತ ಹೆಚ್ಚು ಹಾನಿ ಮಾಡುತ್ತಾರೆ. ಮೊದಲು ಅಳಿಸಿಹೋಗುವುದು ಆ ನಾಲ್ಕು ಅಂಕಿಗಳೇ.

ಹೊಲ ಉಳುವಾಗ, ಪಾಯ ತೋಡುವಾಗ ನಾಣ್ಯಗಳ ಗಡಿಗೆ ಸಿಕ್ಕರೆ? ಕರ್ನಾಟಕದ 1962ರ ನಿಧಿ ಕಾನೂನಿನಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಹೆದರಿ ಅಕ್ಕಸಾಲಿಗನ ಕುಲುಮೆಗೆ ಕೊಟ್ಟರೆ ಲೋಹದ ಬೆಲೆಯಷ್ಟೇ ಸಿಗುತ್ತದೆ. ಯಾವ ಊರಿನಲ್ಲಿ ಅಚ್ಚಾದದ್ದು ಯಾವ ಊರಿನ ಮಣ್ಣಿನಲ್ಲಿ, ಯಾವ ನಾಣ್ಯಗಳ ಜೊತೆ ಸಿಕ್ಕಿತು ಎಂಬ ಲೆಕ್ಕ ಅಲ್ಲಿಯೇ ಕರಗಿಹೋಗುತ್ತದೆ.