ಕಲ್ಯಾಣದ ಮಿತಾಕ್ಷರದಿಂದ ಪವತಿ ಖಾತೆಯವರೆಗೆ: ನಿರ್ಣಾ ಸೀಮೆಯ ಪಿತ್ರಾರ್ಜಿತ ಬೀಳುಭೂಮಿ

ಬೀದರ್ ಜಿಲ್ಲೆಯ ನಿರ್ಣಾ ಬಹುಕಾಲ ಹುಮನಾಬಾದ ತಾಲ್ಲೂಕಿನ ಒಂದು ಹೋಬಳಿಯಾಗಿತ್ತು. ಈಗ ಹೊಸ ಚಿಟಗುಪ್ಪಾ ತಾಲ್ಲೂಕಿಗೆ ಸೇರಿದೆ. ಜೋಳ, ತೊಗರಿ, ಉದ್ದು, ಹೆಸರು ಬೆಳೆಯುವ ಈ ಸೀಮೆಯ ಊರುಗಳಲ್ಲಿ ಎರಡು ಬಗೆಯ ಖಾಲಿ ಭೂಮಿ ಕಾಣುತ್ತದೆ. ಒಂದು, ಗಾವಠಾಣದೊಳಗೆ ಗೋಡೆ ಕುಸಿದು ಜಾಲಿ ಬೆಳೆದ ಹಳೆಯ ಮನೆಯ ಜಾಗ. ಇನ್ನೊಂದು, ಸರ್ವೆ ನಂಬರಿದ್ದೂ ನೇಗಿಲು ಕಾಣದ ಹೊಲ. ಇವುಗಳಿಗೆ ಒಡೆಯರಿಲ್ಲವೆಂದಲ್ಲ. ಹೆಚ್ಚಿನವಕ್ಕೆ ಒಡೆಯರು ಹಲವರು. ಅಜ್ಜನಿಂದ ಬಂದ ಇಂಥ ನೆಲವನ್ನು ಮಾರಬೇಕೆ, ಹಂಚಿಕೊಳ್ಳಬೇಕೆ, ಪಾಲಿಗೆ ಕೊಡಬೇಕೆ, ಹಾಗೆಯೇ ಬಿಡಬೇಕೆ ಎಂಬುದನ್ನು ತೀರ್ಮಾನಿಸಲು ಯಾರ್ಯಾರ ಒಪ್ಪಿಗೆ ಬೇಕು ಎಂಬ ಪ್ರಶ್ನೆಗೆ ಇಲ್ಲಿ ಒಂಬೈನೂರು ವರ್ಷಗಳ ಇತಿಹಾಸವಿದೆ.

ಆ ಪ್ರಶ್ನೆಗೆ ಭಾರತದ ಬಹುಭಾಗ ಒಪ್ಪಿಕೊಂಡ ಉತ್ತರ ಹುಟ್ಟಿದ್ದು ಇದೇ ನೆರೆಯಲ್ಲಿ. ಇಂದಿನ ಬಸವಕಲ್ಯಾಣವು ಕಲ್ಯಾಣದ ಚಾಲುಕ್ಯರ ರಾಜಧಾನಿಯಾಗಿದ್ದಾಗ, ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹಕ್ಕು ಬರುವುದು ತಂದೆ ಸತ್ತಾಗಲ್ಲ, ತಾನು ಹುಟ್ಟಿದಾಗ ಎಂಬುದು ಅವನ ಮುಖ್ಯ ನಿಲುವು. ತಾತನಿಂದ ಬಂದ ಭೂಮಿಯಲ್ಲಿ ತಂದೆಗೂ ಮಗನಿಗೂ ಸಮನಾದ ಒಡೆತನ. ಬಂಗಾಳದಲ್ಲಿ ಜೀಮೂತವಾಹನನ ‘ದಾಯಭಾಗ’ ಇದಕ್ಕೆ ವಿರುದ್ಧವಾಗಿ, ತಂದೆ ಬದುಕಿರುವವರೆಗೆ ಮಗನಿಗೆ ಹಕ್ಕಿಲ್ಲವೆಂದಿತು. ಕೋಲ್‌ಬ್ರೂಕ್ ಎಂಬ ಇಂಗ್ಲಿಷ್ ವಿದ್ವಾಂಸ 1810ರಲ್ಲಿ ದಾಯಭಾಗವನ್ನೂ ಮಿತಾಕ್ಷರಾದ ದಾಯವಿಭಾಗವನ್ನೂ ಇಂಗ್ಲಿಷಿಗೆ ತಂದ ಮೇಲೆ ವಸಾಹತು ಕಾಲದ ನ್ಯಾಯಾಲಯಗಳು ಬಂಗಾಳದಲ್ಲಿ ದಾಯಭಾಗವನ್ನೂ ಉಳಿದೆಡೆ ಹೆಚ್ಚಾಗಿ ಮಿತಾಕ್ಷರಾವನ್ನೂ ಅನುಸರಿಸಿದವು.

ಹುಟ್ಟಿನಿಂದಲೇ ಹಕ್ಕು ಎಂದಮೇಲೆ ಭೂಮಿಯ ಬಗ್ಗೆ ಒಬ್ಬನೇ ತೀರ್ಮಾನಿಸುವಂತಿಲ್ಲ. ಹಾಗೆಂದು ಮಿತಾಕ್ಷರಾ ಕೈಕಟ್ಟಿ ಕೂರಿಸುವುದಿಲ್ಲ. ಇಡೀ ಕುಟುಂಬಕ್ಕೆ ಆಪತ್ತು ಬಂದಾಗ, ಕುಟುಂಬದ ಪೋಷಣೆಗಾಗಿ, ಇಲ್ಲವೆ ಮಾಡಲೇಬೇಕಾದ ಧರ್ಮಕಾರ್ಯಕ್ಕಾಗಿ, ಉಳಿದವರು ಎಳೆಯರಾಗಿದ್ದು ಒಪ್ಪಿಗೆ ಕೊಡಲಾರದಿದ್ದರೂ, ಒಬ್ಬನು ಸ್ಥಿರಾಸ್ತಿಯನ್ನು ಅಡವಿಡಬಹುದು, ಮಾರಬಹುದು. ಭೂಮಿ ಕೈಬದಲಾಗಲು ಊರು, ಜ್ಞಾತಿಗಳು, ನೆರೆಹೊಲದವರು, ದಾಯಾದಿಗಳು ಇವರ ಅನುಮತಿಯೂ, ಚಿನ್ನ ಮತ್ತು ನೀರಿನ ಧಾರೆಯೂ ಬೇಕೆಂಬ ಹಳೆಯ ವಿಧಿಯನ್ನು ವಿಜ್ಞಾನೇಶ್ವರ ವಿವರಿಸುವ ರೀತಿ ಇಂದಿಗೂ ಬೆರಗು ತರುತ್ತದೆ. ಊರಿನ ಅನುಮತಿ ವ್ಯವಹಾರ ಬಹಿರಂಗವಾಗಲೆಂದು. ನೆರೆಯವರದು ಗಡಿಯ ಸಂಶಯ ತೀರಲೆಂದು. ಬೇರೆಯಾದ ದಾಯಾದಿಗಳದು, ಮುಂದೆ ಪಾಲಾಗಿತ್ತೋ ಇಲ್ಲವೋ ಎಂಬ ತಕರಾರು ಏಳದೆ ವ್ಯವಹಾರ ಸುಗಮವಾಗಲೆಂದು. ಭೂಮಿಯ ಮಾರಾಟಕ್ಕೆ ಶಾಸ್ತ್ರದ ಸಮ್ಮತಿ ಇಲ್ಲದ್ದರಿಂದ ಧಾರೆಯೆರೆದು ಅದಕ್ಕೆ ದಾನದ ರೂಪ ಕೊಡಬೇಕು. ಇಂದಿನ ಸಾರ್ವಜನಿಕ ನೋಟಿಸು, ಮೋಕಾ ಪಂಚನಾಮೆ, ವಾರಸುದಾರರ ಸಹಿ ಇವೆಲ್ಲದರ ಕೆಲಸವನ್ನು ಅಂದು ಈ ಅನುಮತಿಗಳೇ ಮಾಡುತ್ತಿದ್ದವು. ಪಾಲಾಗಿ ಬೇರೆಯಾದವನು ಗಂಡುಮಕ್ಕಳಿಲ್ಲದೆ ಸತ್ತರೆ ಅವನ ಆಸ್ತಿ ಹೆಂಡತಿಗೆ ಸೇರಬೇಕೆಂದು ಗಟ್ಟಿಯಾಗಿ ವಾದಿಸಿದ್ದೂ ಇದೇ ಗ್ರಂಥ. ಆದರೆ ಕೂಡುಕುಟುಂಬದ ಹೆಣ್ಣುಮಕ್ಕಳು ಹುಟ್ಟಿನಿಂದ ಬರುವ ಹಕ್ಕಿನ ಹೊರಗೇ ಉಳಿದರು. ಆ ಕೊರತೆ ತುಂಬಲು ಒಂಬತ್ತು ಶತಮಾನ ಬೇಕಾದವು.

ನಿಜಾಮರ ಕಾಲಕ್ಕೆ ಈ ಸೀಮೆ ಹಲವು ಒಡೆತನಗಳಲ್ಲಿ ಹರಿದುಹೋಗಿತ್ತು. ಕಲ್ಯಾಣಿ ಅಲ್ಲಿನ ನವಾಬರ ಜಾಗೀರು; ಹುಮನಾಬಾದ, ಚಿಟಗುಪ್ಪಾ ಕಡೆ ಪಾಯಗಾ ಅಮೀರರ ಆಡಳಿತ; ಮಿಕ್ಕದ್ದು ದಿವಾನಿ, ಅಂದರೆ ಸರ್ಕಾರದ ನೇರ ಆಡಳಿತದ ನೆಲ. ಜಾಗೀರು ತತ್ತ್ವತಃ ಜೀವಾವಧಿಯದು. ಜಾಗೀರುದಾರ ಸತ್ತರೆ ವಿರಾಸತ್ ವಿಚಾರಣೆ ನಡೆದು, ಸರ್ಕಾರ ಮಂಜೂರು ಮಾಡಿದ ಮೇಲೆಯೇ ಮಗನಿಗೆ ಬರುತ್ತಿತ್ತು. ರೈತನ ಪಟ್ಟಾ ಮಾತ್ರ ವಂಶಪಾರಂಪರ್ಯದ್ದು. ಹೈದರಾಬಾದ್ ಭೂಕಂದಾಯ ಕಾಯ್ದೆ (1317 ಫಸಲಿ) ಪಟ್ಟೇದಾರನ ಜೊತೆ ಶಿಕ್ಮೀದಾರನನ್ನೂ ಗುರುತಿಸಿತು: ದಾಖಲೆಯಲ್ಲಿ ಹಿರಿಯಣ್ಣನ ಹೆಸರು, ಹೊಲದಲ್ಲಿ ತಮ್ಮಂದಿರ ಪಾಲು. ಇಂದಿನ ಎಷ್ಟೋ ದಾವೆಗಳ ಬೇರು ಈ ಏರ್ಪಾಟಿನಲ್ಲಿದೆ. ಹಳೆಯ ದಾಖಲೆಗಳು ಉರ್ದುವಿನಲ್ಲಿ, ಫಸಲಿ ವರ್ಷದ ಲೆಕ್ಕದಲ್ಲಿ ಇರುವುದರಿಂದ ಮೊಮ್ಮಕ್ಕಳು ಅಜ್ಜನ ಕಾಗದ ಓದಿಸಲು ಬಲ್ಲವರನ್ನು ಹುಡುಕಬೇಕಾಗುತ್ತದೆ.

ಆ ಕಾಲದಲ್ಲಿ ಭೂಮಿಯನ್ನು ಬೀಳು ಬಿಡುವುದು ಸುಲಭವಿರಲಿಲ್ಲ ಎಂಬುದನ್ನು ಮರೆಯಬಾರದು. ಬಿತ್ತಲಿ ಬಿಡಲಿ, ಪಟ್ಟೇದಾರ ಕಂದಾಯ ತೆರಬೇಕು. ತೆರಲಾಗದವನು ರಾಜೀನಾಮೆ ಬರೆದು ಭೂಮಿ ಬಿಡಬೇಕು, ಇಲ್ಲವೆ ಬಾಕಿಗಾಗಿ ಅದು ಹರಾಜಾಗುತ್ತಿತ್ತು. ಹೀಗಾಗಿ ಕುಟುಂಬ ಬೇಗ ಒಂದು ತೀರ್ಮಾನಕ್ಕೆ ಬರಲೇಬೇಕಿತ್ತು. ಸ್ವಾತಂತ್ರ್ಯದ ನಂತರ ಭೂಕಂದಾಯ ನಾಮಮಾತ್ರಕ್ಕೆ ಇಳಿದಾಗ ಆ ಒತ್ತಡವೂ ಇಳಿಯಿತು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1949ರಲ್ಲಿ ಜಾಗೀರುಗಳು ರದ್ದಾದವು, 1950ರಲ್ಲಿ ಗೇಣಿ ಕಾಯ್ದೆ ಬಂತು. 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯದ ಭಾಗವಾಯಿತು. ಮುಂದೆ ಭೂಸುಧಾರಣಾ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿಗಿದ್ದ ಭೂಮಿಯನ್ನೆಲ್ಲ ಸರ್ಕಾರಕ್ಕೆ ಸೇರಿಸಿತು. ನಮೂನೆ 7 ತುಂಬಿದ ಗೇಣಿದಾರರು ಭೂ ನ್ಯಾಯಮಂಡಳಿಗಳ ಮೂಲಕ ಒಡೆಯರಾದರು. ಉಳುವವನಿಗೆ ನೆಲ ಕೊಟ್ಟ ಈ ಕಾಯ್ದೆ ರಾಜ್ಯ ಕಂಡ ದೊಡ್ಡ ನ್ಯಾಯಗಳಲ್ಲೊಂದು. ಅದರ ಇನ್ನೊಂದು ಪರಿಣಾಮವನ್ನೂ ಹೇಳಬೇಕು. ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟು ಉಳಿದವರು ಹೊಸದಾಗಿ ಗೇಣಿಗೆ ಕೊಡುವುದು ನಿಷಿದ್ಧವಾಯಿತು. ಕೆಲಸಕ್ಕಾಗಿ ಹೈದರಾಬಾದಿಗೋ ಪುಣೆಗೋ ಮುಂಬೈಗೋ ಹೋದ ವಾರಸುದಾರ ತನ್ನ ಹೊಲವನ್ನು ಬರೆದುಕೊಟ್ಟು ಉಳುಮೆಗೆ ಬಿಡುವ ದಾರಿ ಮುಚ್ಚಿತು. ನಂಬಿಕಸ್ಥರಿದ್ದರೆ ಬಾಯಿಮಾತಿನ ಪಾಲು, ಅಂದರೆ ಬಟಾಯಿ, ಇಲ್ಲದಿದ್ದರೆ ಬೀಳು. ಉಳುವವನು ಹಕ್ಕು ಕೇಳಿಯಾನು ಎಂಬ ಭಯಕ್ಕೆ ಬೀಳು ಬಿಡುವುದೇ ಕ್ಷೇಮವೆಂದು ಎಷ್ಟೋ ಮನೆಗಳು ಬಗೆದವು. ನೆಲವೂ ಸೊರಗಿತು, ಉಳಲು ನೆಲ ಬೇಕಿದ್ದವನೂ ಬರಿಗೈಯಲ್ಲಿ ಉಳಿದ.

ಇದೇ ಅವಧಿಯಲ್ಲಿ ವಾರಸುದಾರರ ಪಟ್ಟಿ ಬೆಳೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಗಳಿಗೆ ತಂದೆಯ ಪಾಲಿನೊಳಗೆ ಪಾಲು ಕೊಟ್ಟಿತು. 1994ರ ಜುಲೈ 30ರಿಂದ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಅವಳನ್ನು ಹುಟ್ಟಿನಿಂದಲೇ ಸಹಭಾಗಿಯನ್ನಾಗಿಸಿತಾದರೂ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ಅಳಿಸಿತು. ಆ ಹಕ್ಕಿಗೆ 2005ರಲ್ಲಿ ತಂದೆ ಬದುಕಿರಲೇಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಕಲ್ಯಾಣದಲ್ಲಿ ಗಂಡುಮಕ್ಕಳಿಗೆಂದು ರೂಪುಗೊಂಡ ಜನ್ಮಹಕ್ಕು ಕೊನೆಗೂ ಹೆಣ್ಣುಮಕ್ಕಳಿಗೆ ಮುಟ್ಟಿತು. ಸೀಮೆಯ ಮುಸ್ಲಿಂ ಕುಟುಂಬಗಳಲ್ಲಿ ಜನ್ಮಹಕ್ಕಿನ ಕಲ್ಪನೆಯಿಲ್ಲ. ಅಲ್ಲಿ ಹಕ್ಕು ಹುಟ್ಟುವುದು ಮರಣದ ನಂತರವೇ. ಮಗನ ಪಾಲಿನ ಅರ್ಧ ಮಗಳಿಗೆ.

ಹಳೆಯ ಜ್ಞಾತಿಸಮ್ಮತಿಯ ನೆರಳು ಇನ್ನೂ ಅಳಿದಿಲ್ಲ. 1956ರ ಕಾಯ್ದೆಯ 22ನೇ ಕಲಮಿನಂತೆ ಮೊದಲ ವರ್ಗದ ಒಬ್ಬ ವಾರಸುದಾರ ತನ್ನ ಪಾಲು ಮಾರಹೊರಟರೆ ಕೊಳ್ಳುವ ಮೊದಲ ಹಕ್ಕು ಉಳಿದ ವಾರಸುದಾರರದು. ಕೃಷಿಭೂಮಿಗೂ ಇದು ಅನ್ವಯಿಸುತ್ತದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಹೊರಗಿನವರಿಗೆ ಮಾರುವುದೂ ಬಹುಕಾಲ ಕಷ್ಟವಿತ್ತು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು 2020ರಲ್ಲಿ ರದ್ದಾದವು. ಪುಣೆ–ಹೈದರಾಬಾದ್ ಹೆದ್ದಾರಿ ಹುಮನಾಬಾದನ್ನು ಹಾದುಹೋಗುವುದರಿಂದ ಅದರ ಅಂಚಿನ ಹೊಲಗಳಿಗೆ ನಿವೇಶನದ ಆಸೆ ಮೂಡುವುದು ಸಹಜ. ಅಲ್ಲಿ ಕೃಷಿಯೇತರ ಬಳಕೆಗೆ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪರಿವರ್ತನೆ ಬೇಕು. ಒಳಗಿನ ಊರುಗಳ ಒಣ ಹೊಲಕ್ಕೆ ಆ ಬೆಲೆಯಿಲ್ಲ.

ಕಾಗದದ ಕಡೆ ಬದಲಾವಣೆ ವೇಗವಾಗಿ ಬಂತು. ‘ಭೂಮಿ’ ಯೋಜನೆ 2002ರ ಹೊತ್ತಿಗೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಆದರೆ ಯಂತ್ರ ಏರಿಸಿದ್ದು ಇದ್ದ ಹೆಸರನ್ನೇ. ಸತ್ತ ಅಜ್ಜ ಪಹಣಿಯಲ್ಲಿ ಒಡೆಯನಾಗಿಯೇ ಉಳಿದ. ಗಾವಠಾಣದ ಜಾಗಗಳಿಗೆ ಪಹಣಿಯೂ ಇಲ್ಲ. ಅವುಗಳ ಲೆಕ್ಕ ಗ್ರಾಮ ಪಂಚಾಯ್ತಿಯ ತೆರಿಗೆ ಪುಸ್ತಕದ್ದು, ಇ-ಸ್ವತ್ತು ಬಂದ ಮೇಲೆ ನಮೂನೆ 9 ಮತ್ತು 11ರದು. 2020ರ ಏಪ್ರಿಲಿನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆ ಇಂಥ ಜಾಗಗಳನ್ನು ಡ್ರೋನ್ ಮೂಲಕ ಅಳೆಯಲು ಹೊರಟಿದೆ.

ಸತ್ತವರ ಹೆಸರಿನಲ್ಲೇ ನಿಂತ ಲಕ್ಷಾಂತರ ಜಮೀನುಗಳನ್ನು ಬದುಕಿರುವವರ ಹೆಸರಿಗೆ ತರಲು ಕಂದಾಯ ಇಲಾಖೆ 2025ರಲ್ಲಿ ಇ-ಪವತಿ (ಮರಣಾನಂತರದ ಖಾತೆ ಬದಲಾವಣೆ) ಆಂದೋಲನ ನಡೆಸಿತು. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಕೊಟ್ಟರೆ ವಾರಸುದಾರರೆಲ್ಲರ ಹೆಸರು ಜಂಟಿಯಾಗಿ ಪಹಣಿಗೆ ಬರುತ್ತದೆ. ಬೇರೆಬೇರೆ ಪಾಲಿಗೆ ವಿಭಾಗಪತ್ರ, ಅಳತೆ, ಪೋಡಿ (ಸರ್ವೆ ನಂಬರಿನ ವಿಭಜನೆ) ಆಗಬೇಕು. ವಂಶವೃಕ್ಷದಲ್ಲಿ ಈಗ ಮದುವೆಯಾಗಿ ಹೋದ ಅಕ್ಕತಂಗಿಯರನ್ನೂ ಬರೆಯಬೇಕು. ತವರಿನ ಮೇಲಿನ ಪ್ರೀತಿಗೋ ಒತ್ತಾಯಕ್ಕೋ ಹಕ್ಕು ಬಿಡುವವರು ಹಕ್ಕುಬಿಡುಗಡೆ ಪತ್ರವನ್ನು ನೋಂದಾಯಿಸಬೇಕು. ಬಿಡದವರು ಪಾಲು ಕೇಳಬಹುದು. ಒಮ್ಮತ ಮೂಡದಿದ್ದರೆ ಉಳಿಯುವ ದಾರಿ ಸಿವಿಲ್ ನ್ಯಾಯಾಲಯದಲ್ಲಿ ಪಾಲುದಾವೆ. ಅದು ತೀರುವವರೆಗೆ ಹೊಲ ಸಾಮಾನ್ಯವಾಗಿ ಬೀಳೇ.