ಕುದುರೆಯ ಆರೈಕೆ: ಮೈಗೂದಲಿನಿಂದ ಗೊರಸಿನವರೆಗೆ

ಮೈಸೂರು ದಸರಾದ ಜಂಬೂಸವಾರಿಯಲ್ಲಿ ಹೆಜ್ಜೆ ಹಾಕುವ ಅಶ್ವಾರೋಹಿ ಪೊಲೀಸ್ ದಳದ ಕುದುರೆಗಳ ಮೈ ಹೊಳಪಿನ ಹಿಂದೆ ಲಾಯದಲ್ಲಿ ನಿತ್ಯವೂ ನಡೆಯುವ ಆರೈಕೆಯಿದೆ. ಅದೇ ನಗರದ ಟಾಂಗಾ ಕುದುರೆಗೂ ಅಷ್ಟೇ ಆರೈಕೆ ಬೇಕು. ಅದು ಕುಂಟಿದ ದಿನ ಮಾಲೀಕನ ಸಂಪಾದನೆಯೂ ನಿಲ್ಲುತ್ತದೆ. ಹೈದರ್, ಟಿಪ್ಪು ಕಾಲದಲ್ಲಿ ಕುಣಿಗಲ್‌ನಲ್ಲಿ ಸೇನೆಗಾಗಿ ಕುದುರೆ ಸಾಕಿದ ಈ ನಾಡಿನಲ್ಲಿ ಅಶ್ವಪಾಲನೆಯ ಜ್ಞಾನ ಹಳೆಯದು. ಅಭಿನವಚಂದ್ರನ 'ಅಶ್ವವೈದ್ಯ' ಕನ್ನಡದಲ್ಲೇ ರಚಿತವಾದ ಶಾಸ್ತ್ರಗ್ರಂಥ.

ಮೈ ತಿಕ್ಕುವ ಕ್ರಮ

ಕುದುರೆಗೆ ತನ್ನ ಬೆನ್ನ ಹಿಂದೆ ನೇರವಾಗಿ ನಿಂತವರು ಕಾಣುವುದಿಲ್ಲ. ಆದ್ದರಿಂದ ಮೆಲ್ಲಗೆ ಮಾತನಾಡಿಸುತ್ತ, ಎಡಭುಜದ ಕಡೆಯಿಂದ ಸಮೀಪಿಸಬೇಕು.

ಮೊದಲು ರಬ್ಬರ್ ಹಲ್ಲಿನ ದುಂಡು ಬಾಚಣಿಗೆಯನ್ನು ಕುತ್ತಿಗೆ, ಭುಜ, ಪಕ್ಕೆಗಳ ಮೇಲೆ ವೃತ್ತಾಕಾರವಾಗಿ ಆಡಿಸಿ ಮಣ್ಣು, ಸತ್ತ ಕೂದಲನ್ನು ಸಡಿಲಿಸಬೇಕು. ಮೂಳೆ ಎದ್ದು ಕಾಣುವ ಮುಖ ಮತ್ತು ಮೊಣಕಾಲಿನ ಕೆಳಭಾಗಕ್ಕೆ ಇದನ್ನು ಬಳಸಬಾರದು. ಬಳಿಕ ಗಡಸು ಬ್ರಷ್‌ನಿಂದ ಕೂದಲು ಮಲಗಿದ ದಿಕ್ಕಿನಲ್ಲೇ ಧೂಳು ಕೊಡವಿ, ಕೊನೆಗೆ ಮೃದು ಬ್ರಷ್‌ನಿಂದ ಉಜ್ಜಬೇಕು. ಇದರಿಂದ ಚರ್ಮದ ಸಹಜ ಎಣ್ಣೆ ಕೂದಲಿಗೆಲ್ಲ ಹರಡುತ್ತದೆ. ಹೊಳಪು ಕೊಡುವುದೂ ಮಳೆನೀರನ್ನು ಜಾರಿಸುವುದೂ ಈ ಎಣ್ಣೆಯೇ. ಪದೇ ಪದೇ ಸೋಪು ಹಚ್ಚಿ ತೊಳೆದರೆ ಅದು ನಾಶವಾಗುತ್ತದೆ.

ಕಣ್ಣು, ಮೂಗಿನ ಹೊಳ್ಳೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಬಾಲದ ಬುಡಕ್ಕೆ ಬೇರೆ ಬಟ್ಟೆ ಇರಬೇಕು. ಬಾಲದ ಗಂಟುಗಳನ್ನು ಪಕ್ಕದಲ್ಲಿ ನಿಂತು, ತುದಿಯಿಂದ ಬುಡದ ಕಡೆಗೆ ಬೆರಳುಗಳಿಂದಲೇ ಬಿಡಿಸುವುದು ಒಳ್ಳೆಯದು.

ದುಡಿಮೆಯ ನಂತರ ಉಸಿರಾಟ ಸಹಜವಾಗುವವರೆಗೆ ನಿಧಾನವಾಗಿ ನಡೆಸಿ, ಬೆವರು ತೊಳೆದು, ನೀರನ್ನು ಬಳಿದು ತೆಗೆಯಬೇಕು. ಒಣಗಿ ಉಳಿದ ಉಪ್ಪು ಜೀನಿನ ಅಡಿಯಲ್ಲಿ ಉಜ್ಜಿ ಹುಣ್ಣಾಗುತ್ತದೆ. ಮೈ ತಿಕ್ಕುವಾಗಲೇ ಗಾಯ, ಊತ, ಉಣ್ಣೆಗಳು ಕೈಗೆ ಸಿಗುತ್ತವೆ.

ಗೊರಸಿನ ರಕ್ಷಣೆ

ಗೊರಸಿನ ಹೊರಗೋಡೆ ನಮ್ಮ ಉಗುರಿನಂತೆಯೇ ಕೆರಟಿನ್‌ನಿಂದ ಆದದ್ದು. ಅದು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಮುಂತುದಿ ಪೂರ್ತಿ ಹೊಸದಾಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಹೀಗಾಗಿ ಒಮ್ಮೆ ಹಾಳಾದ ಗೊರಸು ಬೇಗ ಸರಿಹೋಗದು.

ದಿನಕ್ಕೊಮ್ಮೆಯಾದರೂ, ದುಡಿಮೆಗೆ ಮುನ್ನ ಮತ್ತು ನಂತರವೂ ಕಾಲೆತ್ತಿ, ಕೊಕ್ಕೆಯಿಂದ ಹಿಮ್ಮಡಿಯಿಂದ ಮುಂತುದಿಯ ಕಡೆಗೆ ಕಲ್ಲು, ಸಗಣಿ, ಕೆಸರನ್ನು ತೆಗೆಯಬೇಕು. ಅಂಗಾಲಿನ ನಡುವಿನ ತ್ರಿಕೋನಾಕಾರದ ಮೆತ್ತನೆಯ ಭಾಗದ ಇಕ್ಕೆಲದ ಸಂದುಗಳಲ್ಲಿ ಕೊಳೆ ನಿಲ್ಲುವುದು ಹೆಚ್ಚು. ಅಲ್ಲಿ ಕಪ್ಪು ಬಣ್ಣದ, ದುರ್ವಾಸನೆಯ ದ್ರವ ಕಂಡರೆ ಕೊಳೆರೋಗ ತಗುಲಿದೆಯೆಂದು ತಿಳಿಯಬೇಕು. ಮೂತ್ರದಿಂದ ಒದ್ದೆಯಾದ ಹಾಸು ಮತ್ತು ಮಳೆಗಾಲದ ತೇವ ಇದಕ್ಕೆ ಮುಖ್ಯ ಕಾರಣ. ಒಣಹುಲ್ಲಿನ ಹಾಸನ್ನು ನಿತ್ಯ ಬದಲಿಸುವುದೇ ಅಗ್ಗದ ಔಷಧ.

ಡಾಂಬರು ರಸ್ತೆಯಲ್ಲಿ ಗೊರಸು ಸವೆಯದಂತೆ ತಡೆಯುವುದು ಲಾಳ. ಆದರೆ ಲಾಳವಿದ್ದರೂ ಗೊರಸು ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ 4ರಿಂದ 6 ವಾರಗಳಿಗೊಮ್ಮೆ ಲಾಳ ಬಿಚ್ಚಿ, ಗೊರಸು ಕತ್ತರಿಸಿ, ಮತ್ತೆ ಕಟ್ಟಬೇಕು. ಲಾಳವಿಲ್ಲದ ಕುದುರೆಗೆ 6ರಿಂದ 8 ವಾರಗಳಿಗೊಮ್ಮೆ ಕತ್ತರಿಸಿದರೆ ಸಾಕು. ಮೊಳೆ ನೋವರಿಯದ ಹೊರಗೋಡೆಯಲ್ಲೇ ಸಾಗಬೇಕು. ಕೂದಲೆಳೆಯಷ್ಟು ಒಳಸರಿದರೂ ಕುದುರೆ ಕುಂಟುತ್ತದೆ. ಆದುದರಿಂದ ಇದು ನುರಿತವರ ಕೆಲಸ.

ತಡಮಾಡಬಾರದ ಲಕ್ಷಣಗಳು

ಗೊರಸು ಬಿಸಿಯಾಗಿ, ಕುದುರೆ ಮುಂಗಾಲುಗಳ ಮೇಲೆ ಭಾರ ಹಾಕದೆ ಹಿಂದಕ್ಕೆ ವಾಲಿ ನಿಂತರೆ ಅದು ಗೊರಸಿನ ಒಳಪದರದ ಉರಿಯೂತವಿರಬಹುದು. ಧಾನ್ಯವನ್ನು ಅತಿಯಾಗಿ ತಿಂದಾಗ ಇದು ಬರುವುದುಂಟು. ಚಿಕಿತ್ಸೆ ತಡವಾದರೆ ಒಳಗಿನ ಮೂಳೆಯೇ ಜರುಗಿ, ಕುದುರೆ ಶಾಶ್ವತವಾಗಿ ಕುಂಟಾಗಬಹುದು. ಗೊರಸಿಗೆ ಮೊಳೆ ಚುಚ್ಚಿದರೆ ಧನುರ್ವಾಯುವಿನ ಅಪಾಯವಿದೆ. ಕುದುರೆಗಳು ಈ ರೋಗಕ್ಕೆ ಬಹುಬೇಗ ತುತ್ತಾಗುವುದರಿಂದ ಲಸಿಕೆ ಕಡ್ಡಾಯವೆಂದೇ ಭಾವಿಸಬೇಕು.

ಚರ್ಮದ ಮೇಲೆ ದುಂಡಗೆ ಕೂದಲುದುರಿದರೆ ಅದು ಹುಳುಕಡ್ಡಿಯಿರಬಹುದು. ಅದು ಬ್ರಷ್‌ಗಳ ಮೂಲಕ ಇತರ ಕುದುರೆಗಳಿಗೂ ಮನುಷ್ಯರಿಗೂ ಹರಡುತ್ತದೆ. ಆದ್ದರಿಂದ ಪ್ರತಿ ಕುದುರೆಗೂ ಪ್ರತ್ಯೇಕ ಬ್ರಷ್ ಇರಲಿ. ಮೂಗಿನಿಂದ ಗಟ್ಟಿ ಕೀವು ಸುರಿದು, ಚರ್ಮದಲ್ಲಿ ಸಾಲುಗಂಟುಗಳೆದ್ದು ಒಡೆದರೆ ಗ್ಲ್ಯಾಂಡರ್ಸ್ ಶಂಕೆ. ಮನುಷ್ಯರಿಗೂ ಮಾರಕವಾದ ಈ ರೋಗವನ್ನು ಮುಚ್ಚಿಡದೆ, ಕುದುರೆಯನ್ನು ಪ್ರತ್ಯೇಕಿಸಿ, ಪಶುವೈದ್ಯ ಇಲಾಖೆಗೆ ಕೂಡಲೇ ತಿಳಿಸಬೇಕು.

ಇವೆಲ್ಲವನ್ನೂ ಮೊದಲು ಕಾಣುವುದು ನಿತ್ಯ ಮೈ ತಿಕ್ಕುವ, ಕಾಲೆತ್ತಿ ನೋಡುವ ಕೈಗಳು. ದಿನಕ್ಕೆ ಅರ್ಧ ಗಂಟೆಯ ಈ ದುಡಿಮೆ ಕುದುರೆಯ ಆಯುಷ್ಯವನ್ನೂ ಅದನ್ನು ನಂಬಿದ ಮನೆಯ ಅನ್ನವನ್ನೂ ಕಾಯುತ್ತದೆ.