ಕ್ಯಾಂಪ್ಟೊಥೆಸಿನ್

ಅರ್ಬುದರೋಗದ ಚಿಕಿತ್ಸೆಗೆ ಮೂಲವಾದ ಒಂದು ಸಸ್ಯಜನ್ಯ ಆಲ್ಕಲಾಯ್ಡು. ಅಮೆರಿಕದ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಎಂಬ ರಸಾಯನಜ್ಞರು ಚೀನಾದೇಶದ ಮರವೊಂದರಿಂದ ಇದನ್ನು ಬೇರ್ಪಡಿಸಿ 1966ರಲ್ಲಿ ಇದರ ರಚನೆಯನ್ನು ಪ್ರಕಟಿಸಿದರು. ತರುವಾಯ 1972ರಲ್ಲಿ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅವರು, ಹೂವಿನ ದುರ್ಗಂಧದಿಂದಾಗಿ ಕನ್ನಡದಲ್ಲಿ ದುರ್ವಾಸನೆ ಮರವೆಂದೇ ಹೆಸರಾದ ಪಶ್ಚಿಮಘಟ್ಟದ ಸಣ್ಣ ಮರದಲ್ಲಿಯೂ ಇದೇ ವಸ್ತುವಿರುವುದನ್ನು ತೋರಿಸಿಕೊಟ್ಟರು.

ಆದರೆ ವಸ್ತು ದೊರೆತ ಮಾತ್ರಕ್ಕೆ ಔಷಧ ದೊರೆಯಲಿಲ್ಲ. ಇದು ನೀರಿನಲ್ಲಿ ಕರಗುವುದು ಅತ್ಯಲ್ಪವಾದುದರಿಂದ, ಸೋಡಿಯಂ ಲವಣವನ್ನಾಗಿ ಮಾರ್ಪಡಿಸಿ ರಕ್ತನಾಳದ ಮೂಲಕ ರೋಗಿಗಳಿಗೆ ಕೊಡುವ ಪ್ರಯೋಗಗಳು 1970ರ ದಶಕದ ಆದಿಯಲ್ಲಿ ನಡೆದವು. ಅಣುವಿನಲ್ಲಿರುವ ಲ್ಯಾಕ್ಟೋನ್ ಉಂಗುರವು ಮುಚ್ಚಿರುವಾಗಲಷ್ಟೇ ಇದಕ್ಕೆ ವೀರ್ಯ. ಲವಣರೂಪದಲ್ಲಿಯಾದರೋ ಆ ಉಂಗುರ ತೆರೆದಿರುತ್ತದೆ. ರಕ್ತದ ಅಲ್ಪಕ್ಷಾರತೆಯಲ್ಲಿ ಅದು ಬಹುಮಟ್ಟಿಗೆ ತೆರೆದೇ ಉಳಿದು, ಆಲ್ಬುಮಿನ್ ಪ್ರೋಟೀನಿಗೆ ಬಲವಾಗಿ ಅಂಟಿಕೊಂಡು, ಗಂತಿಯ ಮೇಲೆ ನಿಷ್ಫಲವಾಗುತ್ತಿದ್ದಿತು; ಮೂತ್ರಾಶಯದ ಆಮ್ಲೀಯ ಪರಿಸರಕ್ಕೆ ಬಂದೊಡನೆ ಉಂಗುರವು ಪುನಃ ಮುಚ್ಚಿಕೊಂಡು, ಮರಳಿ ಪಡೆದ ವೀರ್ಯವನ್ನೆಲ್ಲ ಮೂತ್ರಾಶಯದ ಒಳಪೊರೆಯ ಮೇಲೆಯೇ ತೋರಿ ರಕ್ತಸ್ರಾವವನ್ನುಂಟುಮಾಡಿತು. ಪ್ರಯೋಗಗಳು ನಿಂತುಹೋದವು. ರೋಗಿಗಳು ಸಹಿಸಿದ ಆ ಯಾತನೆಯಿಂದಲೇ ಮುಂದಿನವರಿಗೆ ದಾರಿ ತಿಳಿಯಿತೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕಾಗಿದೆ.

ಈ ವಸ್ತು ಕೆಲಸಮಾಡುವ ಬಗೆ 1985ರಲ್ಲಿ ತಿಳಿದುಬಂದಿತು. ಡಿಎನ್‌ಎ ಎಳೆಗಳ ಹುರಿಯನ್ನು ಸಡಿಲಿಸಲೋಸುಗ ಟೊಪೊಐಸೊಮರೇಸ್-1 ಎಂಬ ಕಿಣ್ವವು ಒಂದು ಎಳೆಯನ್ನು ಕತ್ತರಿಸಿ ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೊಥೆಸಿನ್ ಆ ಕತ್ತರಿಕೆಯ ಎಡೆಯಲ್ಲಿ ಸೇರಿ ಬೆಸುಗೆಯನ್ನು ತಡೆಯುವುದರಿಂದ, ವಿಭಜನೆಗೆ ಸಿದ್ಧವಾಗುತ್ತಿರುವ ಜೀವಕೋಶ ಸಾಯುತ್ತದೆ. ಇದರಿಂದ ರೂಪಿಸಿದ ಟೊಪೊಟೆಕಾನ್ ಮತ್ತು ಇರಿನೊಟೆಕಾನ್ ಔಷಧಗಳಿಗೆ 1996ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇರಿನೊಟೆಕಾನ್ ಸ್ವತಃ ಮಂದವೀರ್ಯದ್ದು. ದೇಹದ ಕಿಣ್ವಗಳು, ಮುಖ್ಯವಾಗಿ ಯಕೃತ್ತಿನವು, ಅದನ್ನು ಎಸ್‌ಎನ್-38 ಎಂಬ ಉಗ್ರವಸ್ತುವನ್ನಾಗಿ ಮಾರ್ಪಡಿಸುತ್ತವೆ. ಅನಂತರ ಯಕೃತ್ತೇ ಅದಕ್ಕೆ ಗ್ಲುಕುರಾನಿಕ್ ಆಮ್ಲವನ್ನು ಜೋಡಿಸಿ, ನಿರ್ವೀರ್ಯಗೊಳಿಸಿ, ಪಿತ್ತದೊಡನೆ ಕರುಳಿಗೆ ಕಳುಹಿಸುತ್ತದೆ. ಅಲ್ಲಿಯ ಬ್ಯಾಕ್ಟೀರಿಯಗಳು ಆ ಜೋಡಣೆಯನ್ನು ಬಿಡಿಸುವುದೇ ಈ ಔಷಧದಿಂದಾಗುವ ತೀವ್ರ ಅತಿಸಾರಕ್ಕೆ ಒಂದು ಪ್ರಧಾನ ಕಾರಣ. ಜೋಡಿಸುವ ಕಿಣ್ವವು ಹುಟ್ಟಿನಿಂದಲೇ ಮಂದವಾಗಿರುವವರಲ್ಲಿ ವಿಷಪರಿಣಾಮ ಹೆಚ್ಚಾದುದರಿಂದ, ಅಂಥವರಿಗೆ ಪ್ರಮಾಣವನ್ನು ತಗ್ಗಿಸುವುದುಂಟು.

ಬೇಡಿಕೆ ಏರಿದಂತೆ ಘಟ್ಟದ ದುರ್ವಾಸನೆ ಮರಗಳು ಕೊಡಲಿಗೆ ಈಡಾದವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಆರ್. ಉಮಾಶಂಕರ್ ಮತ್ತು ಅವರ ಸಹೋದ್ಯೋಗಿಗಳು ಮರದಿಂದ ಮರಕ್ಕೆ ಕ್ಯಾಂಪ್ಟೊಥೆಸಿನ್ನಿನ ಪ್ರಮಾಣ ಬೇರೆಬೇರೆಯಾಗಿರುವುದನ್ನು ಪರಿಶೀಲಿಸಿದ್ದಾರೆ. ಹೆಚ್ಚು ಸತ್ತ್ವವುಳ್ಳ ಮರಗಳನ್ನು ಆಯ್ದು ತೋಟಗಳಲ್ಲಿ ಬೆಳೆಸಿ, ಕಾಡಿನಲ್ಲಿ ಉಳಿದಿರುವ ಮರಗಳನ್ನು ಕಡಿಯದೆ ಬಿಡತಕ್ಕದ್ದು.